ಜೋಡಿಸಲು ಬಂದವರಿಗೆ ಬಿಡಿಸಲೂ ಬರುತ್ತದೆ

ಪರೀಕ್ಷೆ ಹತ್ತಿರ ಬಂದಾಗ ಪ್ರೌಢಶಾಲೆಯ ಮಕ್ಕಳ ಸಮಾಜ ವಿಜ್ಞಾನದ ಪುಸ್ತಕಗಳನ್ನು ತೆರೆದು ನೋಡಬೇಕು. ಎಷ್ಟೋ ಪುಟಗಳಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಪೆನ್ಸಿಲಿನ ಅಡಿಗೆರೆ. ಎಲ್ಲಕ್ಕೂ ಗೆರೆ ಎಳೆದ ಮಗುವಿಗೆ ಯಾವುದು ಮುಖ್ಯವೆಂದು ತಿಳಿದಿಲ್ಲ ಎಂದೇ ಅರ್ಥ. ಅದೇ ಮಗು ಕನ್ನಡ ಪರೀಕ್ಷೆಯಲ್ಲಿ ‘ಸಂಯೋಜಿತ ವಾಕ್ಯ ಎಂದರೇನು?’ ಎಂಬ ಪ್ರಶ್ನೆಗೆ ತಪ್ಪಿಲ್ಲದೆ ಉತ್ತರ ಬರೆಯುತ್ತದೆ: ಸ್ವತಂತ್ರವಾಗಿ ನಿಲ್ಲಬಲ್ಲ ವಾಕ್ಯಗಳು ಕೂಡಿ ಒಂದು ಪೂರ್ಣ ಅಭಿಪ್ರಾಯ ಕೊಟ್ಟರೆ ಅದು ಸಂಯೋಜಿತ ವಾಕ್ಯ. ಲಕ್ಷಣವೂ ಬಾಯಿಪಾಠ, ಉದಾಹರಣೆಯೂ ಬಾಯಿಪಾಠ.

ಮುಖ್ಯ ವಿಚಾರ ಹುಡುಕುವುದನ್ನು ಒಂದು ಪೀರಿಯಡ್‌ನಲ್ಲಿ, ವಾಕ್ಯದ ಬಗೆಗಳನ್ನು ಇನ್ನೊಂದರಲ್ಲಿ ಕಲಿಸುವುದು ನಮ್ಮ ರೂಢಿ. ನನಗೆ ಇವೆರಡೂ ಒಂದೇ ವಿದ್ಯೆಯಾಗಿ ಕಾಣುತ್ತವೆ. ಎರಡು ಸಂಗತಿಗಳನ್ನು ಜೋಡಿಸುವಾಗ ಯಾವುದಕ್ಕೆ ಎಷ್ಟು ತೂಕ ಎಂದು ತೀರ್ಮಾನಿಸಬೇಕು. ಓದುವಾಗ ಬರೆದವರು ಮಾಡಿದ ಆ ತೀರ್ಮಾನವನ್ನು ಪತ್ತೆ ಹಚ್ಚಬೇಕು. ಮೊದಲನೆಯದನ್ನು ಕೈಯಾರೆ ಮಾಡಿದವರಿಗೆ ಎರಡನೆಯದು ಒಲಿಯುತ್ತದೆ.

ಮಾತಿಗೆ ಎರಡು ಪುಟ್ಟ ವಾಕ್ಯ ತೆಗೆದುಕೊಳ್ಳೋಣ. ಮಳೆ ಬಂತು. ಕೆರೆ ತುಂಬಲಿಲ್ಲ. ಇವನ್ನು ಕಪ್ಪುಹಲಗೆಯ ಮೇಲೆ ಬರೆದು ಕೂಡಿಸಿ ಎಂದರೆ ಮಕ್ಕಳಿಂದ ಥಟ್ಟನೆ ಬರುವ ಉತ್ತರ: ‘ಮಳೆ ಬಂತು, ಆದರೆ ಕೆರೆ ತುಂಬಲಿಲ್ಲ.’ ಸರಿಯೇ. ಈಗ ಇದನ್ನೇ ತಿರುಗಿಸಿ ನೋಡಿ: ‘ಕೆರೆ ತುಂಬಲಿಲ್ಲ, ಆದರೆ ಮಳೆ ಬಂತು.’ ಸಂಗತಿ ಒಂದಿಷ್ಟೂ ಬದಲಾಗಲಿಲ್ಲ, ಮಾತಿನ ಧಾಟಿ ಪೂರ್ತಿ ಬದಲಾಯಿತು. ಮೊದಲನೆಯದು ಕೊರತೆಯ ಮಾತು, ಎರಡನೆಯದು ಸಮಾಧಾನದ ಮಾತು. ‘ಮಳೆ ಬಂದರೂ ಕೆರೆ ತುಂಬಲಿಲ್ಲ’ ಎಂದಾಗ ಮಳೆ ಹಿನ್ನೆಲೆಗೆ ಸರಿದು ಕೆರೆಯೊಂದೇ ಎದುರು ನಿಲ್ಲುತ್ತದೆ. ಹೂಳು ತುಂಬಿತ್ತೇ, ಕೋಡಿ ಒಡೆದಿತ್ತೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಈ ಮೂರನ್ನೂ ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ಪ್ರತಿಯೊಂದನ್ನೂ ಯಾರು ಯಾವಾಗ ಆಡಿಯಾರು ಎಂದು ಕೇಳಬೇಕು. ಬೇಸಾಯದ ಮನೆಯ ಮಕ್ಕಳಿದ್ದರೆ ಅವರೇ ಮೇಷ್ಟರಿಗೆ ಪಾಠ ಹೇಳುತ್ತಾರೆ.

ಪುಸ್ತಕದಲ್ಲಿ ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ಮೂರು ಬಗೆ ಹೇಳಿ ಮತ್ತು, ಅಥವಾ, ಆದರೆ, ಆದ್ದರಿಂದ ಎಂಬ ಸಂಬಂಧಾರ್ಥಕ ಅವ್ಯಯಗಳ ಪಟ್ಟಿ ಕೊಟ್ಟಿರುತ್ತಾರೆ. ಕನ್ನಡ ವಾಕ್ಯಗಳನ್ನು ಕೂಡಿಸುವ ಬಗೆ ಆ ಪಟ್ಟಿಗಿಂತ ಬಹಳ ದೊಡ್ಡದು. ‘ಮಳೆ ಬಂತು ಮತ್ತು ಕೆರೆ ತುಂಬಿತು’ ಎಂದು ಯಾವ ಊರಿನಲ್ಲೂ ಯಾರೂ ಆಡುವುದಿಲ್ಲ. ‘ಮಳೆ ಬಂದು ಕೆರೆ ತುಂಬಿತು’ ಎನ್ನುತ್ತಾರೆ. ಅಲ್ಲಿ ಕಾಲದ ಕ್ರಮವೂ ಇದೆ, ಕಾರಣದ ಸುಳಿವೂ ಇದೆ. ಎರಡೂ ಸಂಗತಿಗಳು ಸಮಸಮ ಎನ್ನಬೇಕಿದ್ದರೆ ‘ಮಳೆಯೂ ಬಂತು, ಕೆರೆಯೂ ತುಂಬಿತು’ ಎನ್ನುತ್ತಾರೆ. ಎರಡು ಸ್ವತಂತ್ರ ವಾಕ್ಯಗಳನ್ನು ಎರಡು ‘ಊ’ಗಳು ಹಿಡಿದು ನಿಲ್ಲಿಸುವ ಈ ರಚನೆ ಕನ್ನಡದ ಅಪ್ಪಟ ಸಂಯೋಜಿತ ವಾಕ್ಯ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದರು. ಅವರ ಎಲ್ಲ ವಾದಗಳನ್ನು ಒಪ್ಪದವರೂ ಈ ಒಂದು ಕಡೆ ಅವರ ಮಾತಿಗೆ ಕಿವಿಗೊಡಬೇಕು: ಮಗು ಮನೆಯಲ್ಲಿ ಆಡುವ ಕನ್ನಡದಲ್ಲೇ ನಿಯಮ ಇದೆ, ಅದನ್ನು ಅಲ್ಲಿಂದಲೇ ಹೆಕ್ಕಬೇಕು.

ಪರಿಭಾಷೆಯನ್ನು ಮುಂದಿಡದೆ ವಾಕ್ಯ ಜೋಡಿಸುವ ಈ ಅಭ್ಯಾಸ ಮಾಡಿಸಬಹುದೇ ಎಂಬ ಪ್ರಶ್ನೆ ಬೇರೆ ದೇಶಗಳಲ್ಲೂ ಬಂದಿತ್ತು. ಅಮೆರಿಕದ ಫ್ರ್ಯಾಂಕ್ ಓಹೇರ್ ಏಳನೇ ತರಗತಿಯ ಮಕ್ಕಳಿಗೆ ಬಿಡಿ ವಾಕ್ಯಗಳನ್ನು ಕೊಟ್ಟು ಜೋಡಿಸಲು ಹೇಳಿ, ವ್ಯಾಕರಣದ ಪಾಠವಿಲ್ಲದೆಯೂ ಅವರ ಬರವಣಿಗೆ ಸುಧಾರಿಸಿದ್ದನ್ನು 1973ರಲ್ಲಿ ಪ್ರಕಟಿಸಿದರು. ಅದು ಇಂಗ್ಲಿಷಿನ ಮಾತು. ಕನ್ನಡದಲ್ಲಿ ಈ ಅಭ್ಯಾಸಕ್ಕೆ ಇನ್ನೂ ಒಂದು ಅನುಕೂಲವಿದೆ: ಪ್ರಧಾನ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಆದ್ದರಿಂದ ಮುಖ್ಯ ಮಾತನ್ನು ಎಲ್ಲಿ ಹುಡುಕಬೇಕೆಂದು ಮಗುವಿಗೆ ತಿಳಿಯುತ್ತದೆ.

ಪತ್ರಿಕೆಗಳಲ್ಲಿ ಬೇಸಿಗೆಯಲ್ಲಿ ಕಾಣುವಂಥ ಒಂದು ಸಾಲು ನೋಡಿ: ‘ಹೂ ಬಿಡುವ ಹೊತ್ತಿನಲ್ಲಿ ಜಿಗಿಹುಳು ಬಿದ್ದು, ಮೋಡ ಮುಸುಕಿದ ವಾತಾವರಣ ಮುಂದುವರಿದು, ಬೂದಿರೋಗ ಹರಡಿದ್ದರಿಂದ ಮಾವಿನ ಫಸಲು ಕುಸಿದಿದೆ.’ ಇದು ಯಾವುದರ ಬಗ್ಗೆ ಎಂದರೆ ಅನೇಕ ಮಕ್ಕಳು ‘ಜಿಗಿಹುಳುವಿನ ಬಗ್ಗೆ’ ಎನ್ನುತ್ತಾರೆ, ಏಕೆಂದರೆ ಮೊದಲು ಎದುರಾದದ್ದು ಅದು. ‘ಕುಸಿದಿದೆ’ ಎಂಬಲ್ಲಿ ಬೆರಳಿಡಿಸಿ, ಏನು ಕುಸಿದಿದೆ ಎಂದು ಕೇಳಿ. ಫಸಲು. ಬಿದ್ದು, ಮುಂದುವರಿದು, ಹರಡಿದ್ದರಿಂದ ಎಂಬ ಮೂರೂ ಆ ಒಂದು ಮಾತಿಗೆ ಕಾರಣ ಒದಗಿಸಲು ಬಂದವು. ಇದನ್ನು ನಾಲ್ಕು ಬಿಡಿ ವಾಕ್ಯಗಳಾಗಿ ಬಿಡಿಸಿ ಮತ್ತೆ ಕಟ್ಟಿದ ಮಗುವಿಗೆ ಯಾವುದು ತಲೆ, ಯಾವುದು ಬೆಂಬಲ ಎಂಬುದು ಕಣ್ಣಿಗೆ ಬೀಳುತ್ತದೆ.

ಇನ್ನು ಪ್ಯಾರಾಕ್ಕೆ ಬರೋಣ. ಕಥೆಯಲ್ಲಿ ಮಗು ಪಾತ್ರದ ಬೆನ್ನು ಹತ್ತಿ ಹೋಗುತ್ತದೆ. ಮಾಹಿತಿಯ ಬರಹದಲ್ಲಿ ಹಾಗೆ ಕೈಹಿಡಿದು ನಡೆಸುವವರಿಲ್ಲ. ಅಲ್ಲಿ ಮಕ್ಕಳು ವಿಷಯವನ್ನೂ ವಿಚಾರವನ್ನೂ ಒಂದೇ ಎಂದುಕೊಳ್ಳುತ್ತಾರೆ. ತರಗತಿಗೆಂದೇ ಹೆಣೆದ ಐದು ಸಾಲು ಇಲ್ಲಿವೆ: ‘ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ತಂತಿ ಎಳೆಯಲಾಯಿತು. ಗಣಿ ಕಂಪನಿಗಳು ವಿದ್ಯುತ್ ಕೊಳ್ಳಲು ಒಪ್ಪಂದ ಮಾಡಿಕೊಂಡಿದ್ದವು. ಬೆಂಗಳೂರು ಗಣಿಗಿಂತ ಹತ್ತಿರದಲ್ಲಿತ್ತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ.’

ಮುಖ್ಯ ವಿಚಾರವೇನು ಎಂದರೆ ‘ಶಿವನಸಮುದ್ರ’ ಎಂದೋ ‘ವಿದ್ಯುತ್ತಿನ ಬಗ್ಗೆ’ ಎಂದೋ ಉತ್ತರ ಬರುತ್ತದೆ. ಅದು ವಿಷಯ. ವಿಷಯವನ್ನು ಒಂದು ಪದದಲ್ಲಿ ಹೇಳಬಹುದು. ವಿಚಾರಕ್ಕೆ ವಾಕ್ಯವೇ ಬೇಕು, ಕ್ರಿಯಾಪದವೇ ಬೇಕು. ‘ವಿದ್ಯುತ್ತಿನ ಬಗ್ಗೆ ಏನು ಹೇಳುತ್ತಿದ್ದಾರೆ?’ ಎಂದು ಮರುಪ್ರಶ್ನೆ ಹಾಕಿ, ಒಂದೇ ವಾಕ್ಯದಲ್ಲಿ ಬರೆಯಲು ಹೇಳಬೇಕು. ಹಾಗೆ ಬರೆಯಲು ಹೊರಟಾಗಲೇ ಜೋಡಿಸುವ ವಿದ್ಯೆ ನೆರವಿಗೆ ಬರುವುದು: ‘ಬೆಂಗಳೂರು ಹತ್ತಿರವಿದ್ದರೂ, ಕೊಳ್ಳುವವರು ಖಾತ್ರಿಯಾಗಿದ್ದರಿಂದ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಚಿನ್ನದ ಗಣಿಗೆ.’ ಐದು ಸಾಲುಗಳಲ್ಲಿ ಎಲ್ಲೂ ಈ ಮಾತು ಇಡಿಯಾಗಿ ಇರಲಿಲ್ಲ. ‘ಇದ್ದರೂ’, ‘ಇದ್ದರಿಂದ’ ಎಂಬ ಎರಡು ಕೊಂಡಿಗಳನ್ನು ಹಾಕಿದ ಮಗು ಅದನ್ನು ತಾನೇ ಕಂಡುಕೊಂಡಿತು. 147 ಎಂಬ ಅಂಕಿ ವಾಕ್ಯದಿಂದ ಹೊರಗುಳಿಯಿತು. ದೂರ ಎಷ್ಟೆಂದು ತೋರಿಸುವ ಪೋಷಕ ವಿವರ ಅದು. ಅಂಕಿ ಕಂಡಲ್ಲೆಲ್ಲ ಗೆರೆ ಎಳೆಯುವ ಚಾಳಿ ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಮುಖ್ಯ ವಿಚಾರ ಪ್ಯಾರಾದ ಮೊದಲ ಸಾಲಿನಲ್ಲೇ ಇರುತ್ತದೆ ಎಂಬ ಸೂತ್ರವನ್ನು ಕೆಲವು ಗೈಡುಗಳು ಹೇಳಿಕೊಡುತ್ತವೆ. ನಮ್ಮ ಒಳ್ಳೆಯ ಲೇಖಕರು ಆ ಸೂತ್ರಕ್ಕೆ ಸಿಕ್ಕುವವರಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳ ಜತೆ ಕಾಡು ಸುತ್ತಿದ ಪ್ರವಾಸದ ಹರಟೆಯೊಳಗೆ ಸಸ್ಯಶಾಸ್ತ್ರವನ್ನು ಹೇಳುತ್ತದೆ. ನಗುನಗುತ್ತಾ ಓದಿದವರು ಗಿಡದ ಬಗ್ಗೆ ತಿಳಿದದ್ದೇನು ಎಂದು ನಿಂತು ಕೇಳಿಕೊಳ್ಳಬೇಕು. ಶಿವರಾಮ ಕಾರಂತರು 1936ರಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳ ಕೈಗಿಟ್ಟರು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕಥೆ’ಯೂ ಇದೆ. ಇವುಗಳ ಒಂದೊಂದು ಪುಟವನ್ನು ತರಗತಿಗೆ ತಂದು ಬಿಡಿಸಿ ನೋಡಿದರೆ ಸಾಕು, ವಿಚಾರ ಕೆಲವೊಮ್ಮೆ ಮೊದಲಿಗೆ, ಕೆಲವೊಮ್ಮೆ ಕೊನೆಗೆ, ಕೆಲವೊಮ್ಮೆ ಸಾಲುಗಳ ನಡುವಿನ ಸಂಬಂಧದಲ್ಲಿ ಇರುತ್ತದೆ ಎಂಬುದು ಮಕ್ಕಳಿಗೆ ಮನದಟ್ಟಾಗುತ್ತದೆ.

ಈ ಕೆಲಸವನ್ನು ಕನ್ನಡ ಮೇಷ್ಟರ ತಲೆಗಷ್ಟೇ ಕಟ್ಟಬಾರದು ಎಂಬುದು ನನ್ನ ಬಲವಾದ ಕೋರಿಕೆ. ವಿಜ್ಞಾನದ ಶಿಕ್ಷಕಿ ಪಾಠ ಮುಗಿದ ಮೇಲೆ ‘ಆದ್ದರಿಂದ’ ಬಳಸಿ ಒಂದು, ‘ಆದರೂ’ ಬಳಸಿ ಒಂದು ವಾಕ್ಯ ಬರೆಸಲಿ. ಇತಿಹಾಸದ ಮೇಷ್ಟರು ಪ್ರತಿ ಪ್ಯಾರಾಕ್ಕೆ ಒಂದೇ ವಾಕ್ಯ, ಅದರಲ್ಲಿ ಒಂದೇ ಪ್ರಧಾನ ಕ್ರಿಯಾಪದ ಎಂಬ ಕಟ್ಟಲೆ ಹಾಕಲಿ. ಐದು ನಿಮಿಷದ ಕೆಲಸ, ಖರ್ಚಿಲ್ಲ, ಹೊಸ ಪುಸ್ತಕ ಬೇಕಿಲ್ಲ. ಹೀಗೆ ಪಳಗಿದ ಮಗುವಿಗೆ ಸಿದ್ಧ ನೋಟ್ಸಿನ ಹಂಗಿರುವುದಿಲ್ಲ. ಮುಂದೆ ಬ್ಯಾಂಕಿನ ಸಾಲಪತ್ರವಾಗಲಿ, ಪಂಚಾಯಿತಿಯ ನೋಟಿಸಾಗಲಿ, ಚುನಾವಣೆಯ ಭಾಷಣವಾಗಲಿ ಎದುರಾದಾಗ, ಇಷ್ಟು ಮಾತಿನಲ್ಲಿ ಹೇಳುತ್ತಿರುವುದೇನು ಎಂದು ಅದು ತಾನೇ ಕೇಳುತ್ತದೆ, ಉತ್ತರವನ್ನೂ ತಾನೇ ಹುಡುಕಿಕೊಳ್ಳುತ್ತದೆ.