ಮೈಕಿನಲ್ಲಿ ಕೂಗದ ಬಹುಮಾನ

ನಮ್ಮ ಕಡೆ ಊರ ನಾಟಕ ನೋಡಿದವರಿಗೆಲ್ಲ ಇದು ಗೊತ್ತಿರುವ ಸಂಗತಿ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಡೆದಿರುತ್ತದೆ. ರಾತ್ರಿ ಎರಡೋ ಮೂರೋ ಗಂಟೆ. ದ್ರೌಪದಿ ಮಕ್ಕಳನ್ನು ಕಳಕೊಂಡು ಎದೆ ಬಡಕೊಂಡು ಅಳುತ್ತಿರುತ್ತಾಳೆ. ಆಗ ಇದ್ದಕ್ಕಿದ್ದಂತೆ ಮೈಕು ಕಿರ್ರ್ ಅನ್ನುತ್ತದೆ. ‘ದ್ರೌಪದಿ ಪಾತ್ರಧಾರಿಯ ಅಭಿನಯವನ್ನು ಮೆಚ್ಚಿ ಇಂಥ ಊರಿನ ಇಂಥವರು 101 ರೂಪಾಯಿ ಬಹುಮಾನ ಕೊಟ್ಟಿರುತ್ತಾರೆ.’ ದ್ರೌಪದಿ ಅಳು ನಿಲ್ಲಿಸುತ್ತಾಳೆ. ಕೊಟ್ಟಾತ ಸ್ಟೇಜಿಗೆ ಬಂದು ನೋಟು ಕೊಡುತ್ತಾನೆ, ಆಕೆ ಕೈ ಮುಗಿಯುತ್ತಾಳೆ. ಆತ ಕೆಳಗಿಳಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಸುರು ಎತ್ತಿಕೊಡುತ್ತಾರೆ. ಆಕೆ ಮತ್ತೆ ಅಳೋಕೆ ಶುರು.

ಪಟ್ಟಣದವರು ಇದನ್ನು ಕೇಳಿ ನಗುತ್ತಾರೆ, ರಸಭಂಗ ಅನ್ನುತ್ತಾರೆ. ನನಗೇನೂ ಹಾಗನ್ನಿಸುವುದಿಲ್ಲ. ಕಲಾವಿದರಿಗೆ ಅದು ಹೊಟ್ಟೆಪಾಡು, ಕೊಟ್ಟವನಿಗೆ ಹೆಸರು. ಇಬ್ಬರಿಗೂ ಅದು ತಿಳಿದಿರುವುದರಿಂದ ಮೋಸವಿಲ್ಲ. ಆದರೆ ಒಂದು ಮಾತಂತೂ ಖರೆ: ಆ 101 ರೂಪಾಯಿಗೂ ದ್ರೌಪದಿಯ ಮಕ್ಕಳು ಸತ್ತದ್ದಕ್ಕೂ ಯಾವ ಸಂಬಂಧವೂ ಇರುವುದಿಲ್ಲ.

ಇದು ನೆನಪಾದದ್ದು ಕಲಾವಿದರ ಆತ್ಮಕಥೆಗಳಿಗೆ ಬರುವ ಓದುಗರ ಪ್ರತಿಕ್ರಿಯೆಗಳನ್ನು ಓದುವಾಗ. ನಟರು ಪುಸ್ತಕ ಬರೆದರೆ ಓದುಗರ ಪತ್ರಗಳನ್ನು ಜೋಪಾನ ಮಾಡುತ್ತಾರೆ. ಸಭೆಗಳಲ್ಲಿ ಓದಿ ಹೇಳುತ್ತಾರೆ, ಎರಡನೇ ಮುದ್ರಣದಲ್ಲಿ ನಾಲ್ಕಾರು ಅಚ್ಚು ಹಾಕಿಸುತ್ತಾರೆ. ಅದು ಸಹಜ. ಜೀವಮಾನವೆಲ್ಲ ಚಪ್ಪಾಳೆ, ಸೀಟಿ, ಒನ್ಸ್ ಮೋರ್ ಕೇಳಿದ ಕಿವಿ ಅದು. ಪುಸ್ತಕ ಅನ್ನೋದು ಮೂಕ ಸಭೆ. ಓದುಗ ಯಾವ ಪುಟದಲ್ಲಿ ನಕ್ಕ, ಯಾವ ಪುಟದಲ್ಲಿ ಎದ್ದು ಬೀಡಿ ಸೇದೋಕೆ ಹೋದ, ಒಂದೂ ತಿಳಿಯುವುದಿಲ್ಲ. ಪತ್ರವೋ ಫೋನೋ ಬಂದರೆ ನಟನಿಗೆ ಹೋದ ಜೀವ ಬಂದಂತಾಗುತ್ತದೆ.

ಆದರೆ ಆ ಪ್ರತಿಕ್ರಿಯೆಗಳನ್ನು ಸಾಲಾಗಿ ಇಟ್ಟು ನೋಡಿ. ‘ಒಂದೇ ಗುಕ್ಕಿಗೆ ಓದಿ ಮುಗಿಸಿದೆ.’ ‘ಕಣ್ಣಲ್ಲಿ ನೀರು ಬಂತು.’ ‘ನಿಮ್ಮ ಬದುಕು ಎಲ್ಲರಿಗೂ ಸ್ಫೂರ್ತಿ.’ ಐವತ್ತು ವರ್ಷ ಬದುಕಿ ಸವೆಸಿದ್ದನ್ನು ಒಂದೇ ಗುಕ್ಕಿಗೆ ಮುಗಿಸಿದೆ ಅಂದರೆ ಅದು ಹೊಗಳಿಕೆಯೋ ಏನೋ, ನನಗೆ ಇನ್ನೂ ಗೊತ್ತಾಗಿಲ್ಲ. ಇವೆಲ್ಲ ಮೈಕಿನಲ್ಲಿ ಕೂಗಿ ಕೊಡುವ ಬಹುಮಾನಗಳು. ತಪ್ಪಲ್ಲ. ಆದರೆ ಇಷ್ಟೇನಾ ಅಂತ.

ಕನ್ನಡದಲ್ಲಿ ರಂಗದವರ ಆತ್ಮಕಥೆಗಳಿಗೇನೂ ಬರವಿಲ್ಲ. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’ ಇದೆ. ಬಿ.ವಿ. ಕಾರಂತರು ಹೇಳಿ ವೈದೇಹಿಯವರು ನಿರೂಪಿಸಿದ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಇದೆ. ಅದು ಪುಸ್ತಕವಾಗಿ ಬಂದದ್ದು ಕಾರಂತರು 2002ರಲ್ಲಿ ತೀರಿಕೊಂಡ ಮೇಲೆ. ಓದುಗರು ಏನಂದರು ಅಂತ ಅವರಿಗೆ ಗೊತ್ತೇ ಆಗಲಿಲ್ಲ. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. ಅದರ ಅರ್ಪಣೆಯ ಕತೆ ಪುಸ್ತಕ ಓದದವರಿಗೂ ಗೊತ್ತು. ಈ ಮಗು ಬೇಡವೆಂದು ಹೊಟ್ಟೆಯಲ್ಲಿದ್ದಾಗ ತಾಯಿ ಪುಣೆಯ ಡಾಕ್ಟರೊಬ್ಬರ ಹತ್ತಿರ ಹೋಗಿದ್ದರು. ಅವತ್ತು ಆ ಡಾಕ್ಟರು ಬರಲಿಲ್ಲ. ಕಾದು ಕಾದು ತಾಯಿ ವಾಪಸಾದರು. ಹಾಗೆ ಬಾರದೇ ಉಳಿದ ಡಾ. ಮಧುಮಾಲತಿ ಗುಣೆ ಅವರಿಗೆ ಕಾರ್ನಾಡರು ಪುಸ್ತಕ ಅರ್ಪಿಸಿದರು. ಇದನ್ನು ಓದಿದ ಯಾರೂ ‘ಕಣ್ಣಲ್ಲಿ ನೀರು ಬಂತು’ ಅನ್ನುವುದಿಲ್ಲ. ಒಂದು ಗಳಿಗೆ ಸುಮ್ಮನಾಗಿ, ನಾನು ಹುಟ್ಟಿದ್ದು ಹೆಂಗೆ, ನಮ್ಮವ್ವಗೆ ನಾನು ಬೇಕಿದ್ದೆನೋ ಬೇಡವಾಗಿದ್ದೆನೋ ಅಂತ ಯೋಚನೆ ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ಓದುಗ ಕೊಡುವ ಖರೇ ಪ್ರತಿಕ್ರಿಯೆ.

ಈಗ ನಮ್ಮ ಕಡೆಯ ಪುಸ್ತಕಕ್ಕೆ ಬರುತ್ತೇನೆ. ‘ನಡುವೆ ಸುಳಿವ ಹೆಣ್ಣು’, ಮಂಜಮ್ಮ ಜೋಗತಿಯವರ ಆತ್ಮಕಥನ. ನಿರೂಪಣೆ ಅರುಣ್ ಜೋಳದಕೂಡ್ಲಿಗಿ ಅವರದು. ಹೆಸರಲ್ಲೇ ನಮ್ಮ ಸೀಮೆಯ ಊರು ಕಟ್ಟಿಕೊಂಡವರು. ಮಂಜಮ್ಮ ಹುಟ್ಟಿದ್ದು ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ, ನೆಲೆ ನಿಂತದ್ದು ಮರಿಯಮ್ಮನಹಳ್ಳಿಯಲ್ಲಿ. ಕಾನಹೊಸಹಳ್ಳಿಯಲ್ಲಿ ಹೊಸಪೇಟೆ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ಊರು ಅದು. ನಮ್ಮೂರುಗಳ ನಾಟಕಕ್ಕೆ ಹೆಣ್ಣು ಪಾತ್ರದವರು ಬೇಕಾದಾಗ ಮೊದಲು ಬಾಯಿಗೆ ಬರುವ ಹೆಸರೂ ಅದೇ. ಮಂಜಮ್ಮ ಜೋಗತಿ ಕುಣಿತದವರು, ಎಲ್ಲಮ್ಮನ ಆಟದವರು, ನಾಟಕದ ಪಾತ್ರಧಾರಿ. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. 2021ರ ನವೆಂಬರ್ 9ರಂದು ದಿಲ್ಲಿಯಲ್ಲಿ ಪದ್ಮಶ್ರೀ ತಗೊಳ್ಳೋಕೆ ಹೋದಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಅದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು.

ದೇಶಕ್ಕೆ ಅದು ಹೊಸದಾಗಿ ಕಂಡಿತು. ನಮಗೇನು ಹೊಸದು? ಮಂಗಳವಾರ, ಶುಕ್ರವಾರ ಜೋಗತಿಯರು ಮನೆ ಮುಂದೆ ಬಂದು ಪಡ್ಲಿಗಿ ಇಟ್ಟು, ಚೌಡಿಕೆ ನುಡಿಸಿ, ಮಕ್ಕಳಿಗೆ ದೃಷ್ಟಿ ತೆಗೆದು ಹೋಗುವುದನ್ನು ನೋಡುತ್ತಲೇ ಬೆಳೆದವರು ನಾವು. ಮೊರದಲ್ಲಿ ಜೋಳ ಹಾಕಿ ಕೈ ಮುಗಿಯುತ್ತಿದ್ದೆವು. ಅವರು ಓಣಿ ದಾಟುತ್ತಲೇ ಅವರ ನಡಿಗೆ ಆಡಿ ತೋರಿಸಿ ನಗುತ್ತಿದ್ದವರೂ ನಾವೇ.

ಪುಸ್ತಕದ ಬಲ ಇರುವುದು ಇಲ್ಲೇ. ಮಂಜುನಾಥ ಎಂಬ ಹುಡುಗನನ್ನು ಹುಲಿಗಿಗೆ ಕರೆದೊಯ್ದು ಉಡಿದಾರ ಕಿತ್ತು, ಮುತ್ತು ಕಟ್ಟಿಸಿ, ಲಂಗ ಬಳೆ ತೊಡಿಸಿದ್ದು. ಮಗ ಇನ್ನಿಲ್ಲವಾದ ಎಂದು ತಾಯಿ ಅತ್ತದ್ದು. ವಿಷ ಕುಡಿದು ಬದುಕಿ ಉಳಿದದ್ದು. ಭಿಕ್ಷೆ, ಇಡ್ಲಿ ಮಾರಾಟ, ಮೈ ಮೇಲೆ ಆದ ಅತ್ಯಾಚಾರ. ಸಾಯಬೇಕು ಅಂದುಕೊಂಡ ಹೊತ್ತಿಗೆ ದಾವಣಗೆರೆಯಲ್ಲಿ ಅಪ್ಪ ಹಾಡುತ್ತ ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುವುದು ಕಣ್ಣಿಗೆ ಬಿದ್ದು, ಆ ಕುಣಿತವೇ ಕೈ ಹಿಡಿದದ್ದು. ಇಷ್ಟನ್ನು ಒಬ್ಬ ಕಲಾವಿದೆ ಹೇಳುವಾಗ ಗೋಳಾಟಕ್ಕೆ ಜಾರುವುದು ಸುಲಭ, ಸ್ಟೇಜಿನ ಅಭ್ಯಾಸ ಇರುತ್ತದಲ್ಲ. ಆದರೆ ಮಂಜಮ್ಮ ತಮ್ಮ ದುಃಖವನ್ನು ಪಾತ್ರ ಮಾಡಿ ಆಡಿ ತೋರಿಸುವುದಿಲ್ಲ, ಹೇಳಿ ಮುಂದಕ್ಕೆ ನಡೆಯುತ್ತಾರೆ. ಅಷ್ಟರಮಟ್ಟಿಗೆ ನಮ್ಮ ದ್ರೌಪದಿಗಿಂತ ಭಿನ್ನ. ಇಲ್ಲಿ ಮಧ್ಯೆ ನಿಲ್ಲಿಸಿ 101 ರೂಪಾಯಿ ಕೊಡೋಕೆ ಜಾಗ ಸಿಗುವುದಿಲ್ಲ.

ಒಂದು ತಕರಾರು ಇದೆ. ಒಬ್ಬರು ಹೇಳಿ ಇನ್ನೊಬ್ಬರು ಬರೆಯುವ ಇಂಥ ಪುಸ್ತಕಗಳಲ್ಲಿ ಹೇಳುವವರ ನಾಲಿಗೆ ಎಲ್ಲಿ ಮುಗಿದು ಬರೆಯುವವರ ಪೆನ್ನು ಎಲ್ಲಿ ಶುರುವಾಯಿತು ಎಂಬ ಗುಮಾನಿ ನನ್ನನ್ನು ಬಿಡುವುದಿಲ್ಲ. ಕಾರಂತರ ಪುಸ್ತಕದಲ್ಲೂ ಇದು ನನಗೆ ಕಾಡಿತ್ತು. ಮಂಜಮ್ಮನವರ ಮಾತನ್ನು ಎದುರು ಕೂತು ಕೇಳಿದವರಿಗೆ ಗೊತ್ತು, ಅದರಲ್ಲಿ ಮುಖದ ಭಾವ ಇದೆ, ಕೈಯ ಅಭಿನಯ ಇದೆ, ನಡುವೆ ಒಂದು ನಗೆ ಇದೆ. ಅಚ್ಚಿನ ಪುಟದ ಮೇಲೆ ಅದು ಅಷ್ಟೂ ಬರುವುದಿಲ್ಲ. ಅದು ನಿರೂಪಕರ ತಪ್ಪಲ್ಲ, ಅಕ್ಷರದ ಬಡತನ. ಬೇಲೂರು ರಘುನಂದನ್ ಈ ಬದುಕನ್ನು ‘ಮಾತಾ’ ಎಂಬ ಏಕವ್ಯಕ್ತಿ ನಾಟಕ ಮಾಡಿದ್ದಾರೆ. ಸ್ಟೇಜಿನಿಂದ ಪುಸ್ತಕಕ್ಕೆ ಇಳಿದ ಬದುಕು ಮತ್ತೆ ಸ್ಟೇಜಿಗೆ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಮಾತು ಪುಸ್ತಕದ್ದಲ್ಲ, ನಾವು ಓದುವ ರೀತಿಯದು. ಪದ್ಮಶ್ರೀ ಬಂದ ಮೇಲೆ ಎಲ್ಲರೂ ಈ ಬದುಕನ್ನು ದಿಲ್ಲಿಯಿಂದ ಹಿಂದಕ್ಕೆ ಓದತೊಡಗಿದರು. ಕಷ್ಟಪಟ್ಟರು, ಗೆದ್ದರು, ಮುಗೀತು. 2023ರಲ್ಲಿ ಹರ್ಷಾ ಭಟ್ ಅವರ ಜೊತೆಗೂಡಿ ಬಂದ ಇಂಗ್ಲಿಷ್ ಆತ್ಮಕಥೆಯ ಹೆಸರು ‘ಫ್ರಮ್ ಮಂಜುನಾಥ್ ಟು ಮಂಜಮ್ಮ’. ಇಲ್ಲಿಂದ ಹೊರಟು ಅಲ್ಲಿಗೆ ತಲುಪಿದರು ಅನ್ನುವ ಹೆಸರು. ಬಸ್ಸಿನ ಬೋರ್ಡಿನ ಹಾಗೆ. ಕನ್ನಡದ ಹೆಸರಿನಲ್ಲಿ ತಲುಪುವ ಮಾತೇ ಇಲ್ಲ. ಜೇಡರ ದಾಸಿಮಯ್ಯನ ವಚನದ ನೆರಳಿರುವ ಆ ಹೆಸರು ಮನುಷ್ಯರನ್ನು ನಡುವೆಯೇ ನಿಲ್ಲಿಸುತ್ತದೆ, ನಡುವೆ ಇದ್ದೇ ಬದುಕಬಹುದು ಅನ್ನುತ್ತದೆ. ಸ್ಫೂರ್ತಿ ಹುಡುಕುವ ಓದುಗನಿಗೆ ಮೊದಲನೆಯದು ಹಿತ. ನನಗೆ ಎರಡನೆಯದೇ ದೊಡ್ಡದು.

ನನ್ನ ಹತ್ತಿರ ಇದ್ದ ಒಂದು ಪ್ರತಿಯನ್ನು ಊರಲ್ಲಿ ಮೂರು ಜನಕ್ಕೆ ಕೊಟ್ಟೆ. ಮೊದಲನೆಯವರು ನಾಟಕದ ಹಳೇ ಮೇಷ್ಟ್ರು. ವಾರ ಬಿಟ್ಟು ಸಿಕ್ಕಾಗ, ‘ಚಲೋ ಐತೆ ಬಿಡ್ರಿ. ಆದ್ರೆ ಪಾರ್ಟಿನ ಸುದ್ದಿ ಇನ್ನೂ ಬೇಕಿತ್ತು, ಯಾವ ಮಟ್ಟಿನಾಗೆ ಹಾಡ್ತಿದ್ರು ಅದೆಲ್ಲ’ ಅಂದರು. ಅವರ ಮಾತೂ ಸರಿಯೇ. ಕಸುಬಿನವರಿಗೆ ಕಸುಬಿನ ಹಸಿವು. ಎರಡನೆಯವನು ಕಾಲೇಜು ಹುಡುಗ. ‘ಸೂಪರ್ ಸಾರ್, ಕಣ್ಣಲ್ಲಿ ನೀರು ಬಂತು’ ಅಂದ. ಯಾವ ಪುಟದಲ್ಲಿ ಅಂತ ನಾನು ಕೇಳಲಿಲ್ಲ.

ಮೂರನೆಯವಳು ನಮ್ಮ ದೊಡ್ಡವ್ವ. ಆಕೆಗೆ ಓದು ಬರುವುದಿಲ್ಲ, ಮೊಮ್ಮಗಳು ರಾತ್ರಿ ಊಟ ಆದ ಮೇಲೆ ಓದಿ ಹೇಳಿದಳು. ಹುಲಿಗಿಯ ಭಾಗ ಓದಿದ ದಿನ ನಾನೂ ಅಲ್ಲೇ ಇದ್ದೆ. ದೊಡ್ಡವ್ವ ಎಲೆ ಅಡಿಕೆ ಹಾಕಿಕೊಳ್ಳುವುದನ್ನು ನಿಲ್ಲಿಸಿ ಕೇಳಿದಳು: ‘ಅವ್ರವ್ವ ಹಂಗೆ ಅಳ್ತಿದ್ಲಲ್ಲಪ್ಪ, ಆಕಿಗೆ ಯಾರಾನ ಒಂದು ಮಾತು ಧೈರ್ಯ ಹೇಳಿದ್ರಾ?’

ನನಗೆ ಉತ್ತರ ಹೊಳೆಯಲಿಲ್ಲ. ಪುಸ್ತಕವನ್ನು ಎರಡು ಸಲ ಓದಿ, ನಿರೂಪಣೆ, ಭಾಷೆ, ಶೀರ್ಷಿಕೆ ಅಂತ ಟಿಪ್ಪಣಿ ಮಾಡಿಕೊಂಡಿದ್ದೆ. ಈ ಪ್ರಶ್ನೆ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ನಾವೆಲ್ಲ ಆ ತಾಯಿಯನ್ನು ಮಗುವನ್ನು ಬಿಟ್ಟುಕೊಟ್ಟವಳು ಅಂತ ಓದುತ್ತೇವೆ. ದೊಡ್ಡವ್ವ ಆಕೆಯ ಸುತ್ತ ನಿಂತವರನ್ನು ಕೇಳುತ್ತಿದ್ದಳು, ಅಂದರೆ ಓಣಿಯವರನ್ನು.

ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆಯೇ ಮುಂದುವರಿಸಿದಳು. ‘ನಮ್ ಓಣಿ ಆ ಹುಡುಗ, ನೆಪ್ಪೈತಾ ನಿಂಗೆ? ಬಯಲಾಟದಾಗೆ ಹೆಣ್ಣು ಪಾತ್ರ ಮಾಡ್ತಿದ್ದ. ಅವ್ರವ್ವನೂ ಹಂಗೆ ಅತ್ಲು. ನಾವ್ಯಾರೂ ಆಕಿ ಮನಿಗೆ ಹೋಗ್ಲಿಲ್ಲ.’

ನೆನಪಿಲ್ಲದೆ ಏನು. ಆಟದ ರಾತ್ರಿ ಆ ಹುಡುಗ ಸೀರೆ ಉಟ್ಟು ಬಂದರೆ ಸೀಟಿ ಹೊಡೆದವರಲ್ಲಿ ನಾನೂ ಒಬ್ಬ. ಒಂದು ಸಲ ಚಡ್ಡಿ ಜೇಬಿನ ಐದು ರೂಪಾಯಿ ಕೊಟ್ಟು ಮೈಕಿನಲ್ಲಿ ಹೆಸರು ಕೂಗಿಸಿಕೊಂಡಿದ್ದೆ. ಮಾರನೇ ದಿನ ಅವನು ನೀರಿಗೆ ಹೋಗುವಾಗ ಹಿಂದಿನಿಂದ ಕೂಗಿ ಅಣಕಿಸಿದವರಲ್ಲೂ ನಾನಿದ್ದೆ. ಸೀರೆ ಉಟ್ಟಾಗ ಮೆಚ್ಚಿದ ನಡಿಗೆಯನ್ನೇ ಲುಂಗಿ ಉಟ್ಟಾಗ ಹಂಗಿಸಿದೆವು. ಒಂದು ವರ್ಷ ಉಚ್ಚಂಗಿದುರ್ಗದ ಜಾತ್ರೆಗೆ ಅಂತ ಹೋದವನು ಊರಿಗೆ ಮರಳಲಿಲ್ಲ. ಯಾರೂ ಕೇಳಲೂ ಇಲ್ಲ. ಆಟಕ್ಕೆ ಬೇರೆ ಊರಿನಿಂದ ಪಾತ್ರದವರನ್ನು ಕರೆಸಿದೆವು.

ನಟರೊಬ್ಬರ ಆತ್ಮಕಥೆ ಪ್ರೇಕ್ಷಕನ ಕೈಗೆ ಬಂದಾಗ ಆಗಬೇಕಾದ ಕೆಲಸ ಇದು ಅಂತ ನನಗೆ ಈಗ ಅನ್ನಿಸುತ್ತದೆ. ಸ್ಟೇಜಿನ ಮೇಲಿದ್ದಾಗ ನಾವು ಅವರನ್ನು ನೋಡುತ್ತೇವೆ. ಪುಸ್ತಕದಲ್ಲಿ ಅವರು ನಮ್ಮನ್ನು ನೋಡುತ್ತಾರೆ. ಸೀಟಿ ಹೊಡೆದವರು, ಕಲ್ಲು ಹೊಡೆದವರು, ಸುಮ್ಮನೆ ನಿಂತವರು ಎಲ್ಲರೂ ಅವರಿಗೆ ಕಾಣುತ್ತಾರೆ. ಕಣ್ಣೀರು ಬಂತು ಎಂದು ಬರೆಯುವ ಓದುಗ ಇನ್ನೂ ಕತ್ತಲಲ್ಲಿ ಕೂತ ಪ್ರೇಕ್ಷಕನೇ ಆಗಿರುತ್ತಾನೆ. ದೊಡ್ಡವ್ವ ಎದ್ದು ಬೆಳಕಿಗೆ ಬಂದಳು.

ಆದ್ದರಿಂದ ಪುಸ್ತಕ ಬರೆದ ಕಲಾವಿದರಲ್ಲಿ ಒಂದು ವಿನಂತಿ. ಓದುಗರ ಮಾತುಗಳನ್ನು ಹಂಚಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಹೊಗಳಿಕೆಗಳನ್ನು ಎರಡೇ ಸಾಲಿಗೆ ಮುಗಿಸಿ. ಯಾರೋ ಒಬ್ಬರು ಫೋನು ಮಾಡಿ, ಅರ್ಧ ಮಾತಾಡಿ, ಮುಂದೆ ಹೇಳಲಾಗದೆ ಇಟ್ಟಿರುತ್ತಾರಲ್ಲ, ಹೆಸರು ಹಾಕದೆ ಅದನ್ನು ಹೇಳಿ. ‘ನಮ್ಮ ಮನೆಯಲ್ಲೂ ಒಬ್ಬ ಇದ್ದ’ ಅಂದವರ ಮಾತು ಹೇಳಿ. ಎರಡನೇ ಮುದ್ರಣದಲ್ಲಿ ಅಚ್ಚಾಗಬೇಕಾದದ್ದು ಅದು.

ನನ್ನ ಪ್ರತಿ ಇನ್ನೂ ವಾಪಸ್ ಬಂದಿಲ್ಲ. ಆ ಹುಡುಗನ ತಂಗಿಯನ್ನು ಇಲ್ಲೇ ಹತ್ತಿರದ ಊರಿಗೆ ಕೊಟ್ಟಿದ್ದಾರೆ. ದೊಡ್ಡವ್ವ ಮೊಮ್ಮಗಳ ಕೈಲಿ ಪುಸ್ತಕವನ್ನು ಅವಳಿಗೆ ಕಳಿಸಿದ್ದಾಳಂತೆ. ಓದಿದಳೋ ಇಲ್ಲವೋ ತಿಳಿಯದು. ಕೇಳುವ ಧೈರ್ಯ ನನಗಿಲ್ಲ. ಹೊಸಪೇಟೆಗೆ ಹೋದಾಗ ಇನ್ನೊಂದು ಪ್ರತಿ ಕೊಂಡು ತರುತ್ತೇನೆ.