ಅರ್ಜಿ ನಮೂನೆ ಕೇಳದ ಪ್ರಶ್ನೆ

ಅಮೆರಿಕದ ವಾಷಿಂಗ್ಟನ್ ರಾಜ್ಯ 1990ರಲ್ಲಿ ತಂದ ಬೆಳವಣಿಗೆ ನಿರ್ವಹಣಾ ಕಾಯ್ದೆಯನ್ನು ಹೊಗಳದ ಯೋಜನಾ ತಜ್ಞರು ಕಡಿಮೆ. ಪೇಟೆ ಪೇಟೆಯಾಗಿ, ಹೊಲ ಹೊಲವಾಗಿ ಉಳಿಯಬೇಕು. ಕೌಂಟಿ ತನ್ನ ಮುಂದಿನ 20 ವರ್ಷಗಳ ಜನಸಂಖ್ಯೆಗೆ ತಕ್ಕ ಯೋಜನೆ ಬರೆದು ಕಾಲಕಾಲಕ್ಕೆ ತಿದ್ದಬೇಕು. ಕೇಳಲು ಚೆನ್ನ. ಆದರೆ ಕಿಟಿಟಾಸ್ ಕೌಂಟಿ 2006ರ ಕೊನೆಗೆ ಒಪ್ಪಿದ ಪರಿಷ್ಕೃತ ಯೋಜನೆ ಈ ಕಾಯ್ದೆಯಡಿಯಲ್ಲೇ ಹುಟ್ಟಿದ್ದು, ಮತ್ತು ಅದೊಂದು ಕಳಪೆ ಕೃತಿ.

ಈ ಕೌಂಟಿಯ ಎಲೆನ್ಸ್‌ಬರ್ಗ್ ಪೇಟೆಯ ಸುತ್ತಲಿನ ಕಣಿವೆಯಲ್ಲಿ ಬೆಳೆಯುವ ಟಿಮೊಥಿ ಹುಲ್ಲು ಜಪಾನಿನ ದನಗಳ ಕೊಟ್ಟಿಗೆಗೆ ಹೋಗುತ್ತದೆ. ಪಶ್ಚಿಮಕ್ಕೆ ಹೆದ್ದಾರಿ ಹಿಡಿದರೆ ಸಿಯಾಟಲ್ ಎರಡು ಗಂಟೆಯ ದಾರಿ. ಹೊಲಕ್ಕೂ ಮನೆಗೂ ಜಗಳ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ವಿಮರ್ಶಕರೆಲ್ಲ ಕಚ್ಚಾಡಿದ್ದು ಮೂರು ಎಕರೆಗೊಂದು ಮನೆಯೋ, ಐದು ಎಕರೆಗೊಂದೋ ಎಂಬುದರ ಮೇಲೆ. ನನಗೆ ಅದು ಗದ್ದಲವಾಗಿಯೇ ಕಾಣುತ್ತದೆ. ಕೃತಿಯ ಹುಳುಕು ಇರುವುದು ಬಡಾವಣೆ ಅರ್ಜಿಯಲ್ಲಿ.

1945ರ ಅಂತರ್ಜಲ ಕಾನೂನಿನ ಪ್ರಕಾರ ಮನೆಬಳಕೆಗೆ ದಿನಕ್ಕೆ 5,000 ಗ್ಯಾಲನ್, ಎಂದರೆ ಸುಮಾರು 19 ಸಾವಿರ ಲೀಟರ್‌ವರೆಗೆ ನೀರೆತ್ತಲು ಪರವಾನಗಿ ಬೇಡ. ಒಂದು ಬಡಾವಣೆಗೆಲ್ಲ ಸೇರಿ ಇಂಥದ್ದು ಒಂದೇ ವಿನಾಯಿತಿ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಹಾಗಾದರೆ ಏನು ಮಾಡುವುದು? ನಲವತ್ತು ಎಕರೆಯನ್ನು ಪಕ್ಕಪಕ್ಕದ ನಾಲ್ಕು ತುಂಡು ಮಾಡಿ ನಾಲ್ಕು ಅರ್ಜಿ ಹಾಕುವುದು. ನಾಲ್ಕು ಯೋಜನೆ, ನಾಲ್ಕು ವಿನಾಯಿತಿ. ಈ ವಿದ್ಯೆಯನ್ನು ನಮ್ಮ ಲೇಔಟ್ ಧಣಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಜಮೀನು ಯಾರದು, ಅಲ್ಲಿಯೂ ನಿಮ್ಮದೇ ಅರ್ಜಿ ಇದೆಯೇ ಎಂದು ಕೇಳಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಕೌಂಟಿಯ ನಿಯಮ ಅದನ್ನು ಕೇಳಲಿಲ್ಲ. ಇದನ್ನು ಮರೆವು ಎನ್ನಲು ನನ್ನ ಮನಸ್ಸು ಒಪ್ಪದು. ಈ ಕಣಿವೆಯಲ್ಲಿ ಹರಿಯುವ ಯಾಕಿಮಾ ನದಿಯಲ್ಲಿ 1905ರ ಮೇ 10ರ ನಂತರದ ನೀರಿನ ಹಕ್ಕಿನವರಿಗೆ ಬರ ಬಂದಾಗ ನೀರು ನಿಲ್ಲುತ್ತದೆಂಬುದು ಅಲ್ಲಿಯ ರೈತರ ಮಕ್ಕಳಿಗೂ ಗೊತ್ತು. ಅಂಥ ಊರಿನಲ್ಲಿ ಹೊಸ ಬಾವಿಯ ಲೆಕ್ಕ ಇಡದೆ 'ಕೃಷಿ ರಕ್ಷಣೆ' ಎಂದು ಅಧ್ಯಾಯ ಬರೆಯುವುದಕ್ಕೆ ಧೈರ್ಯ ಬೇಕು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಯೋಜನೆಯನ್ನು ಓದಿದ ರೀತಿ ಯಾವ ವಿಮರ್ಶಕನಿಗೂ ಮಾದರಿ. ಇಷ್ಟೇ ಎಕರೆ ಎಂದು ಗೆರೆ ಎಳೆಯುವ ಗೋಜಿಗೆ ಅದು ಹೋಗಲಿಲ್ಲ. ಈ ಸಾಂದ್ರತೆ ಹಳ್ಳಿಗಾಡಿಗೆ ಹೇಗೆ ಹೊಂದುತ್ತದೆಂದು ಬರಹದಲ್ಲಿ ಕಾರಣ ಕೊಟ್ಟಿಲ್ಲ, ನೀರನ್ನು ಕಾಯುವ ವ್ಯವಸ್ಥೆ ಇಲ್ಲ ಎಂದಿತು. ಆಸ್ತಿ ಹಕ್ಕಿನ ಪರವಾದವರು ಇದನ್ನು ನ್ಯಾಯಾಂಗದ ಅತಿಕ್ರಮಣ ಎಂದು ಕೂಗಾಡಿದರು. ನೀರು ರಾಜ್ಯದ ವಿಷಯ, ಕೌಂಟಿಗೇನು ಕೆಲಸ ಎಂಬುದು ಅವರ ವಾದ. ಮನೆಗೆ ಒಪ್ಪಿಗೆ ಕೊಡುವಾಗ ಮಾತ್ರ ಕೌಂಟಿ ಸ್ವತಂತ್ರ, ಬಾವಿ ತೋಡುವಾಗ ಅದು ಕುರುಡು! ಮನೆಗೆ ಒಪ್ಪಿಗೆ ಕೊಡುವ ಮೊದಲು ನೀರಿದೆಯೇ ಎಂದು ಕೌಂಟಿಯೇ ನೋಡಬೇಕೆಂದ ಅದೇ ಕೋರ್ಟಿನ 2016ರ ಹರ್ಸ್ಟ್ ತೀರ್ಪಿನ ಮೇಲೂ ಇದೇ ವಾದ ಹೂಡಿ, ರಾಜ್ಯದ ಬಂಡವಾಳ ಬಜೆಟ್ಟನ್ನೇ ತಡೆಹಿಡಿದು, 2018ರಲ್ಲಿ ತೀರ್ಪಿನ ಬಿಗಿ ಸಡಿಲಿಸುವ ಕಾನೂನು ಪಡೆದರು.

2011ರ ತೀರ್ಪಿನಿಂದ ಮನೆ ಕಟ್ಟುವುದೇ ನಿಂತಿತೆಂಬ ಅವರ ಗೋಳು ಸುಳ್ಳು. 2009ರಲ್ಲೇ ರಾಜ್ಯದ ಪರಿಸರ ಇಲಾಖೆ ಕಿಟಿಟಾಸ್ ಕೌಂಟಿಯ ಮೇಲ್ಭಾಗದಲ್ಲಿ ಹೊಸ ಬಾವಿಗಳನ್ನು ತಡೆದಿತ್ತು. ಹಳೆಯ ನೀರಿನ ಹಕ್ಕು ಕೊಂಡು ಸರಿದೂಗಿಸಿದವರಿಗೆ ಮಾತ್ರ ದಾರಿ ಬಿಟ್ಟಿತ್ತು. ಇಂಥ ಹಕ್ಕುಗಳನ್ನು ಕೊಂಡು ಮಾರುವ ಜಲ ಬ್ಯಾಂಕುಗಳು ಹುಟ್ಟಿದವು, ಮನೆಗಳೂ ಎದ್ದವು. ತೀರ್ಪನ್ನು ಮೆಚ್ಚಿದ ನಮ್ಮ ಪಂಗಡದವರು ಇಲ್ಲಿಗೆ ಸಮಾಧಾನಪಟ್ಟುಕೊಂಡಿದ್ದಾರೆ. ನನಗೆ ಆ ಸಮಾಧಾನವಿಲ್ಲ. ಬ್ಯಾಂಕಿಗೆ ಬರುವ ಹಕ್ಕು ಹೆಚ್ಚಾಗಿ ನೀರಾವರಿಯದ್ದು. ಮನೆಗೆ ನೀರು ಬಂದರೆ ಎಲ್ಲೋ ಒಂದು ಹೊಲಕ್ಕೆ ನೀರು ತಪ್ಪಿತೆಂದೇ ಅರ್ಥ. ಕೌಂಟಿ ಈಗ 2026ರ ಗಡುವಿನ ಪರಿಷ್ಕರಣೆಯಲ್ಲಿದೆ. ಹೀಗೆ ನೀರು ಮಾರಿದ ಹೊಲಗಳನ್ನು ಕೃಷಿ ಅಧ್ಯಾಯ ಎಕರೆ ಲೆಕ್ಕದಲ್ಲಿ ಕಳೆದು ತೋರಿಸುತ್ತದೆಯೋ, ನಕ್ಷೆಯಲ್ಲಿ ಹಸಿರು ಬಳಿದು ಬಿಡುತ್ತದೆಯೋ ಎಂಬುದನ್ನೇ ನಾನು ಮೊದಲು ಹುಡುಕುತ್ತೇನೆ.