ಬಾರದ ಸಾಲಿನ ಲೆಕ್ಕ

ಕ್ಲೌಡ್ ಫೌಂಡ್ರಿಯ ಮೇಲೆ ನಾಜಲ್ ನೆಲೆಗೊಳಿಸುವ ಬಗೆಯನ್ನು ಈ ವಾರ ಬರೆಯುತ್ತೇನೆಂದು ಕಳೆದ ಬಾರಿ ಮಾತು ಕೊಟ್ಟಿದ್ದೆ. ಅಂಕಣವನ್ನು ತಪ್ಪದೆ ಓದುವವರಿಗೆ ಫೈರ್‌ಹೋಸ್, ಡಾಪ್ಲರ್, ಎನ್ವಲಪ್ ಎಂದರೇನೆಂದು ಮತ್ತೆ ಬಿಡಿಸಿ ಹೇಳಬೇಕಿಲ್ಲ. ನಡುವೆ ಬಂದು ಸೇರಿದವರಿಗೆ ಇಷ್ಟು ಸಾಕು: ವೇದಿಕೆಯ ಮೇಲೆ ಓಡುವ ಅಪ್ಲಿಕೇಶನ್‌ಗಳ ಲಾಗ್ ಸಾಲುಗಳು, ಯಂತ್ರಗಳು ಹೇಳುವ ಅಂಕಿಗಳು ಎಲ್ಲವೂ ಎನ್ವಲಪ್ ಎಂಬ ಪುಟ್ಟ ಪೊಟ್ಟಣಗಳಲ್ಲಿ, ಡಾಪ್ಲರ್ ಎಂಬ ಹಂಚುವ ಘಟಕದ ಮೂಲಕ, ಫೈರ್‌ಹೋಸ್ ಎಂಬ ಒಂದೇ ಪ್ರವಾಹವಾಗಿ ಬರುತ್ತವೆ. ಅದನ್ನು ಹಿಡಿದು ಬೇಕಾದಲ್ಲಿಗೆ ಹಾಯಿಸುವ ಪುಟ್ಟ ಪ್ರೋಗ್ರಾಮಿಗೆ ನಾಜಲ್ ಎನ್ನುತ್ತಾರೆ.

ಕ್ಲೌಡ್ ಫೌಂಡ್ರಿಯ ಕಾಲ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ವಿಎಂವೇರ್ 2011ರಲ್ಲಿ ಹೊರತಂದ ವೇದಿಕೆ ಇದು. ನಮ್ಮ ಹೆಬ್ಬಾಳದ ಆಚೆಗಿನ ಮಾನ್ಯತಾದಲ್ಲಿ ದೊಡ್ಡ ಕಚೇರಿ ಇರುವ ಐಬಿಎಂ, 2014ರಲ್ಲಿ ಬ್ಲೂಮಿಕ್ಸ್ ಕಟ್ಟಿದ್ದು ಇದರ ಮೇಲೆಯೇ. ತನ್ನ ಕ್ಲೌಡ್ ಫೌಂಡ್ರಿ ಸೇವೆಯನ್ನು ಐಬಿಎಂ 2023ರ ಜೂನ್ 1ಕ್ಕೆ ಮುಗಿಸಿತು. ಎಸ್‌ಎಪಿಯ ವೇದಿಕೆಯಲ್ಲಿ ಕ್ಲೌಡ್ ಫೌಂಡ್ರಿ ಇಂದಿಗೂ ಓಡುತ್ತಿದೆ. ಲಾಗ್ ಮತ್ತು ಮೆಟ್ರಿಕ್ ಹಿಡಿಯುವ ಕಷ್ಟವನ್ನು ಇಷ್ಟು ಪ್ರಾಮಾಣಿಕವಾಗಿ ಬಿಚ್ಚಿಟ್ಟ ಇನ್ನೊಂದು ವೇದಿಕೆಯನ್ನು ನಾನು ನೋಡಿಲ್ಲ. ಕುಬರ್ನೆಟಿಸ್‌ಗೆ ಹೋದವರಿಗೂ ಕಷ್ಟ ಅದೇ, ಹೆಸರುಗಳು ಮಾತ್ರ ಬೇರೆ.

ನೆಲೆಗೊಳಿಸುವ ಕೆಲಸ ಚಿಕ್ಕದು. ನಾಜಲ್ ಯಾರ ಕೋರಿಕೆಗೂ ಉತ್ತರಿಸುವುದಿಲ್ಲ, ಯಾವ ಪೋರ್ಟನ್ನೂ ತೆರೆದು ಕೂರುವುದಿಲ್ಲ. ಹಾಗಾಗಿ ಮ್ಯಾನಿಫೆಸ್ಟ್‌ನಲ್ಲಿ ರೂಟ್ ಬೇಡವೆಂದು ಬರೆಯಬೇಕು, ಹೆಲ್ತ್ ಚೆಕ್ಕನ್ನು ಪ್ರೊಸೆಸ್ ಎಂದು ಬದಲಿಸಬೇಕು. ಇದನ್ನು ಮರೆತರೆ ವೇದಿಕೆ ಇಲ್ಲದ ಪೋರ್ಟನ್ನು ತಟ್ಟಿ ತಟ್ಟಿ, ಕೊನೆಗೆ ನಾಜಲ್ ಸತ್ತಿದೆ ಎಂದು ತೀರ್ಮಾನಿಸಿ ಕೊಂದುಹಾಕುತ್ತದೆ. ಗುರುತು ಪರಿಶೀಲಿಸುವ ಯುಎಎಯಲ್ಲಿ ನಾಜಲ್‌ಗೇ ಬೇರೆ ಕ್ಲಯಂಟ್ ಮಾಡಿ, ಓದುವ ಅಧಿಕಾರವೊಂದನ್ನೇ ಕೊಡಬೇಕು. ಅಡ್ಮಿನ್ ಪಾಸ್‌ವರ್ಡನ್ನೇ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ತುಂಬಿ ಪುಶ್ ಮಾಡುವವರೊಂದಿಗೆ ವಾದಕ್ಕೂ ನಾನು ಇಳಿಯುವುದಿಲ್ಲ.

ಸಬ್‌ಸ್ಕ್ರಿಪ್ಷನ್ ಐಡಿಯ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು. ಒಂದೇ ಐಡಿ ಹೊತ್ತ ನಾಜಲ್‌ಗಳು ಪ್ರವಾಹವನ್ನು ಹಂಚಿಕೊಳ್ಳುತ್ತವೆ. ಬೇರೆ ಬೇರೆ ಐಡಿ ಕೊಟ್ಟರೆ ಪ್ರತಿಯೊಂದಕ್ಕೂ ಪೂರ್ತಿ ಪ್ರತಿ ಸಿಗುತ್ತದೆ. ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲಿ ನಿಲ್ಲಿಸಿ ನೋಡುವಾಗ ಐಡಿ ಬದಲಾದರೆ, ಅಷ್ಟು ಹೊತ್ತು ಎಣಿಕೆಗಳೆಲ್ಲ ಎರಡು ಪಟ್ಟು. ಅದೇ ಐಡಿ ಇಟ್ಟು ರೋಲಿಂಗ್ ಮಾದರಿಯಲ್ಲಿ ಬದಲಿಸಿದರೆ ಹಳೆಯದೂ ಹೊಸದೂ ಹಂಚಿಕೊಂಡು ಓದುತ್ತವೆ, ಲೆಕ್ಕ ಕೆಡುವುದಿಲ್ಲ. ನಿಲ್ಲು ಎಂಬ ಸಂಕೇತ ಬಂದ ಮೇಲೆ ಹಳೆಯದಕ್ಕೆ ಉಳಿಯುವುದು 10 ಸೆಕೆಂಡು; ಆಮೇಲೆ ಕತ್ತು ಹಿಚುಕಿದಂತೆಯೇ. ಕೈಯಲ್ಲಿ ಹಿಡಿದಿಟ್ಟ ಸಾಲುಗಳನ್ನು ಅಷ್ಟರೊಳಗೆ ಆಚೆ ದಾಟಿಸುವ ಕೋಡ್ ಇಲ್ಲದ ನಾಜಲ್, ಪ್ರತಿ ಡಿಪ್ಲಾಯ್‌ನಲ್ಲಿಯೂ ಒಂದಿಷ್ಟು ನುಂಗುತ್ತದೆ.

ಇನ್ನೊಂದು ಅಪಾಯವನ್ನು ಕೈಪಿಡಿಗಳು ಒಂದೇ ಮಾತಿನಲ್ಲಿ ದಾಟಿಬಿಡುತ್ತವೆ. ನಾಜಲ್ಲನ್ನು ಅದೇ ವೇದಿಕೆಯ ಮೇಲೆ ಅಪ್ಲಿಕೇಶನ್ ಆಗಿ ಓಡಿಸಿದರೆ ಅದರ ಲಾಗ್ ಕೂಡ ಅದೇ ಪ್ರವಾಹಕ್ಕೆ ಬಂದು ಸೇರುತ್ತದೆ. ಬಂದ ಪ್ರತಿ ಎನ್ವಲಪ್‌ಗೂ ಒಂದು ಸಾಲು ಮುದ್ರಿಸುವ ನಾಜಲ್, ತಾನು ಮುದ್ರಿಸಿದ್ದನ್ನು ತಾನೇ ಓದಿ ಮತ್ತೆ ಮುದ್ರಿಸುತ್ತದೆ. ಇದಕ್ಕೆ ಕೊನೆಯಿಲ್ಲ. ಪರೀಕ್ಷೆಗೆಂದು ಡೀಬಗ್ ಹಚ್ಚಿ ಊಟಕ್ಕೆ ಹೋದರೆ ವೇದಿಕೆಯನ್ನೇ ಮುಳುಗಿಸಬಹುದು. ನಾಜಲ್ ತನ್ನ ಬಗ್ಗೆ ಹೇಳುವುದಿದ್ದರೆ ಮೊತ್ತಗಳಲ್ಲಿ ಹೇಳಲಿ: ನಿಮಿಷಕ್ಕೊಮ್ಮೆ, ಬಂದದ್ದೆಷ್ಟು, ದಾಟಿಸಿದ್ದೆಷ್ಟು, ಬಿಟ್ಟದ್ದೆಷ್ಟು.

ಈ ಮೂರನೆಯ ಅಂಕಿಗಾಗಿಯೇ ನಾನು ಈ ವಾರ ಲೇಖನಿ ಹಿಡಿದಿದ್ದೇನೆ.

ಈ ಪ್ರವಾಹವನ್ನು ನಡೆಸುವ ಲಾಗ್ರಿಗೇಟರ್ ಎಂಬ ವ್ಯವಸ್ಥೆಯನ್ನು ಕಟ್ಟಿದವರು ಆರಂಭದಲ್ಲೇ ಒಂದು ಕಠಿಣ ನಿರ್ಧಾರ ಮಾಡಿದ್ದರು. ಓದುವವನು ನಿಧಾನವಾದರೆ ಅವನಿಗಾಗಿ ಅಪ್ಲಿಕೇಶನ್ನನ್ನು ತಡೆಯಬಾರದು; ಡಾಪ್ಲರ್ ತನ್ನಲ್ಲಿ ತುಂಬಿದ್ದನ್ನು ಚೆಲ್ಲಿ ಮುಂದೆ ಸಾಗಬೇಕು. ಚೆಲ್ಲಿದ್ದೆಷ್ಟು ಎಂಬ ಎಣಿಕೆಯನ್ನೂ ಅದೇ ಪ್ರವಾಹದಲ್ಲಿ ಕಳಿಸಬೇಕು. ತೀರಾ ಹಿಂದೆ ಬಿದ್ದವನ ವೆಬ್‌ಸಾಕೆಟ್ಟನ್ನು 1008 ಎಂಬ ಸಂಖ್ಯೆಯೊಂದಿಗೆ ಮುಚ್ಚಿಬಿಡಬೇಕು, ನೀನು ನಿಧಾನ ಎಂದು. ಈ ನಿರ್ಧಾರವನ್ನು ಬೈದವರು ಬಹಳ. ನನಗೆ ಅದರ ಮೇಲೆ ಗೌರವವಿದೆ. ಚೆಲ್ಲಿದ್ದನ್ನು ಅದು ಬಚ್ಚಿಡಲಿಲ್ಲ.

ನಷ್ಟ ಶೇಕಡಾ 1 ಮುಟ್ಟಿದರೆ ಕೆಂಪು ದೀಪ ಎಂದವು ಈ ವೇದಿಕೆಯನ್ನು ಮಾರುತ್ತಿದ್ದ ಪಿವೋಟಲ್ ಕಂಪನಿಯ ಕೈಪಿಡಿಗಳು. ಅಷ್ಟೇ ತಾನೆ, ನೂರಕ್ಕೆ ಒಂದು ಹೋದರೆ ಹೋಗಲಿ ಎನ್ನುವ ಪಂಥವೊಂದಿದೆ. ಲಾಗ್‌ಗಳನ್ನು ಸ್ಯಾಂಪಲ್ ಮಾಡಿ ನೂರಕ್ಕೆ ಒಂದನ್ನೇ ಇಟ್ಟುಕೊಂಡರೂ ನಡೆಯುತ್ತದೆ, ಹಾಗಿರುವಾಗ ನೂರಕ್ಕೆ ಒಂದು ಹೋದರೇನು ಎನ್ನುವುದು ಅವರ ಲೆಕ್ಕ. ಅದು ತಪ್ಪು ಲೆಕ್ಕ. ಸ್ಯಾಂಪಲ್ಲನ್ನು ಆರಿಸುವವರು ನಾವು, ಅದರಲ್ಲಿ ಪಕ್ಷಪಾತವಿಲ್ಲ. ನಷ್ಟವನ್ನು ಆರಿಸುವುದು ಆಪತ್ತು. ಡೇಟಾಬೇಸ್ ಕೈಕೊಟ್ಟ ನಿಮಿಷದಲ್ಲೇ ಅಪ್ಲಿಕೇಶನ್‌ಗಳೆಲ್ಲ ಒಟ್ಟಿಗೆ ಕೂಗಲು ತೊಡಗುತ್ತವೆ, ಸಾಲುಗಳು ಹತ್ತು ಪಟ್ಟಾಗುತ್ತವೆ, ನಾಜಲ್ ಏದುಸಿರು ಬಿಡುತ್ತದೆ, ಡಾಪ್ಲರ್ ಚೆಲ್ಲುತ್ತದೆ. ದಿನದ ಸರಾಸರಿಯಲ್ಲಿ ಶೇಕಡಾ ಅರ್ಧದಷ್ಟೂ ಕಾಣದ ನಷ್ಟವೆಲ್ಲ ಆ ನಾಲ್ಕು ನಿಮಿಷದೊಳಗೇ ಸೇರಿರುತ್ತದೆ. ಮರುದಿನ ಕಾರಣ ಹುಡುಕಲು ಕೂತವನಿಗೆ ಬೇಕಾದ ಸಾಲು ಅಲ್ಲೇ ಇತ್ತು.

ಇದಕ್ಕಿಂತ ದೊಡ್ಡ ಅನ್ಯಾಯ ಡ್ಯಾಶ್‌ಬೋರ್ಡ್‌ನಲ್ಲಿ ನಡೆಯುತ್ತದೆ. ಡ್ಯಾಶ್‌ಬೋರ್ಡ್ ಸಾಧನವಾದ ಗ್ರಫಾನದಲ್ಲಿ ಅಂಕಿ ಬಾರದ ಜಾಗವನ್ನು ಮೂರು ಬಗೆಯಲ್ಲಿ ತೋರಿಸಬಹುದು: ಖಾಲಿ ಬಿಡು, ಸೊನ್ನೆ ಎಂದುಕೋ, ಆಚೀಚೆಯ ಚುಕ್ಕಿಗಳನ್ನು ಗೆರೆ ಎಳೆದು ಜೋಡಿಸು. ಜೋಡಿಸಿದ ಗೆರೆ ನೋಡಲು ಚೆಂದ. ಮೇಲಧಿಕಾರಿಗಳಿಗೆ ತೋರಿಸುವ ಪರದೆಗಳಲ್ಲೆಲ್ಲ ಅದೇ. ಹತ್ತು ನಿಮಿಷ ಏನೂ ಬಾರದಿದ್ದಾಗಲೂ ಆ ಗೆರೆ ಏನೂ ಆಗದಂತೆ ಸಾಗಿರುತ್ತದೆ. ಯಾರೂ ಅಳೆಯದ ಅಂಕಿಯನ್ನು ಅಳೆದದ್ದೆಂದು ಹೇಳುತ್ತದೆ. ಸೊನ್ನೆ ಎನ್ನುವುದು ಇನ್ನೂ ಕೆಟ್ಟದ್ದು. ದೋಷಗಳ ಎಣಿಕೆ ಸೊನ್ನೆ ಎಂದರೆ ಎಲ್ಲ ಕ್ಷೇಮ ಎಂದು ಓದಿಕೊಳ್ಳುತ್ತೇವೆ, ಎಣಿಸುವವನೇ ಬಿದ್ದಿದ್ದಾನೆಂದು ತಿಳಿಯುವುದಿಲ್ಲ. ಖಾಲಿ ಬಿಡಿ. ಆ ಬಿಳಿ ಜಾಗವನ್ನು ಕಂಡು ಯಾರಾದರೂ ಏನಾಯಿತೆಂದು ಕೇಳಲಿ. ಮೆಟ್ರಿಕ್ ಸಂಗ್ರಹಿಸುವ ಸಾಧನವಾದ ಪ್ರೊಮೀಥಿಯಸ್‌ನ ಪಂಥದವರೊಂದಿಗೆ ನನಗೆ ಹಲವು ತಕರಾರುಗಳಿವೆ. ಆದರೂ ಪ್ರತಿ ಗುರಿಯನ್ನೂ ತಾನೇ ಹೋಗಿ ಕೇಳಿ, ಉತ್ತರ ಬಂತೇ ಇಲ್ಲವೇ ಎಂಬುದನ್ನೂ ಒಂದು ಅಂಕಿಯಾಗಿ ಬರೆದಿಡುವ ಅವರ ಪದ್ಧತಿಗೆ ತಲೆಬಾಗುತ್ತೇನೆ.

ನನ್ನ ಮೆಚ್ಚಿನ ಹಳೆಯ ದಾಖಲೆಗಳನ್ನು ಬಲ್ಲವರು ಮಾತು ಎಲ್ಲಿಗೆ ಹೊರಟಿದೆಯೆಂದು ಇಷ್ಟು ಹೊತ್ತಿಗೆ ಊಹಿಸಿರುತ್ತಾರೆ. ಲಾಗ್ ಸಾಲು ಕಳಿಸುವ ಹಳೆಯ ವಿಧಾನವಾದ ಸಿಸ್‌ಲಾಗ್ 1980ರ ದಶಕದಲ್ಲಿ ಎರಿಕ್ ಆಲ್‌ಮನ್ ಅವರ ಇಮೇಲ್ ಪ್ರೋಗ್ರಾಂ ಸೆಂಡ್‌ಮೇಲ್ ಜೊತೆ ಹುಟ್ಟಿದ್ದು. ಯುಡಿಪಿಯ 514ನೇ ಪೋರ್ಟಿಗೆ ಸಾಲನ್ನು ಎಸೆದುಬಿಡುತ್ತಿತ್ತು, ತಲುಪಿತೇ ಎಂದು ಕೇಳುತ್ತಿರಲಿಲ್ಲ. 2001ರ ಆರ್‌ಎಫ್‌ಸಿ 3164 ಎಂಬ ದಾಖಲೆ ಈ ರೂಢಿಯನ್ನು ಇದ್ದಂತೆ ಬರೆದಿಟ್ಟಿತು. ಸಾಲುಗಳು ದಾರಿಯಲ್ಲಿ ಕಳೆದುಹೋಗಬಹುದು, ಹಿಂದುಮುಂದಾಗಿ ಬರಬಹುದು ಎಂಬುದನ್ನೂ ಅದು ಮುಚ್ಚಿಡಲಿಲ್ಲ. 2009ರ ಆರ್‌ಎಫ್‌ಸಿ 5424ರಲ್ಲಿ ಒಂದು ಪುಟ್ಟ ಕೋಣೆ ಇದೆ. ಕಳಿಸುವವನು ಪ್ರತಿ ಸಾಲಿಗೂ ಕ್ರಮಸಂಖ್ಯೆ ಹಚ್ಚಬಹುದು ಎನ್ನುತ್ತದೆ ಅದು: 1ರಿಂದ ಶುರು, 2147483647 ಮುಟ್ಟಿದ ಮೇಲೆ ಮತ್ತೆ 1. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಇಳಿಸುವಾಗ ಲಾರಿ ಚೀಟಿಯಲ್ಲಿ ಬರೆದ ಮೂಟೆಯ ಲೆಕ್ಕಕ್ಕೂ ಇಳಿಸಿದ ಮೂಟೆಯ ಲೆಕ್ಕಕ್ಕೂ ತಾಳೆ ನೋಡುತ್ತಾರಲ್ಲ, ಅಂಥ ಚೀಟಿ ಇದು. ಸಂಖ್ಯೆ 41ರ ಬಳಿಕ 44 ಬಂದರೆ ಎರಡು ಹೋದವು. ಅಪ್ಲಿಕೇಶನ್‌ಗಳ ಲಾಗನ್ನು ಹೊರಗೆ ಹಾಯಿಸುವ ಕ್ಲೌಡ್ ಫೌಂಡ್ರಿಯ ಸಿಸ್‌ಲಾಗ್ ಡ್ರೈನ್‌ಗಳು ಇದೇ 5424ರ ಮಾದರಿಯಲ್ಲಿ ಸಾಲು ಕಳಿಸುತ್ತವೆ. ಆದರೂ ನಾನು ಕಂಡ ಡ್ರೈನ್‌ಗಳಲ್ಲಿ ಈ ಕೋಣೆ ತುಂಬಿದ್ದಿಲ್ಲ. ಇಷ್ಟು ಅಗ್ಗದ, ಇಷ್ಟು ಉಪಯುಕ್ತವಾದ ಸವಲತ್ತು ಇಷ್ಟು ವರ್ಷ ಅನಾಥವಾಗಿರುವುದು ನನ್ನ ಕಸುಬಿನ ಬಹುದೊಡ್ಡ ಬೇಸರ.

ಇಲ್ಲಿಂದ ಡ್ರೈನ್‌ಗಳ ಕಡೆಗೆ ಹೋಗುವ ಯೋಚನೆ ಇತ್ತು. ಅದರ ಬದಲು ಯಲಹಂಕದ ಕಡೆಗೆ ತಿರುಗುತ್ತೇನೆ, ಏಕೆಂದರೆ ಬಾರದ ಅಂಕಿಗಳ ಈ ವಿಷಯದ ಅತಿ ದೊಡ್ಡ ಪಾಠಶಾಲೆ ನಮ್ಮ ಉತ್ತರ ಬೆಂಗಳೂರಿನಲ್ಲೇ ಇದೆ. ಅಟ್ಟೂರು ಬಡಾವಣೆಯ ಬಳಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ, 2007ರಲ್ಲಿ ಈಗಿನ ಹೆಸರು ಪಡೆಯಿತು. ಹೋಬಳಿಗೊಂದು ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿಗೊಂದು ಟೆಲಿಮೆಟ್ರಿಕ್ ಮಳೆಮಾಪಕ ಎಂಬ ಲೆಕ್ಕದಲ್ಲಿ ರಾಜ್ಯದ ತುಂಬ 6,000ಕ್ಕೂ ಹೆಚ್ಚು ಮಾಪಕಗಳು. ಸೌರ ಫಲಕ, ಬ್ಯಾಟರಿ, ಮೊಬೈಲ್ ಜಾಲ; 15 ನಿಮಿಷಕ್ಕೊಂದು ಅಂಕಿ. ಒಂದು ಮಾಪಕಕ್ಕೆ ದಿನಕ್ಕೆ 96 ಎಂದರೂ ಒಟ್ಟು ಐದೂಮುಕ್ಕಾಲು ಲಕ್ಷ ಮೀರುತ್ತದೆ. ಬೀದರ್‌ನಿಂದ ಕೊಡಗಿನವರೆಗಿನ ಮಳೆಯನ್ನು ಯಲಹಂಕದಲ್ಲಿ ಕೂತು ಓದುವುದೆಂದರೆ ಇದು. ವರುಣಮಿತ್ರ ಸಹಾಯವಾಣಿಗೆ ಕರೆ ಮಾಡುವ ರೈತನಿಗೆ ಸಿಗುವ ಉತ್ತರವೂ ಈ ಪ್ರವಾಹದಿಂದಲೇ ಬರುತ್ತದೆ.

ಇಂಥ ಜಾಲಗಳಲ್ಲಿ ಸಾಮಾನ್ಯವಾಗಿ ಬಳಸುವ ಟಿಪ್ಪಿಂಗ್ ಬಕೆಟ್ ಮಾಪಕದ ಒಳಗೆ ಒಂದು ದಂಡದ ಎರಡು ತುದಿಯಲ್ಲಿ ಎರಡು ಪುಟ್ಟ ಬಟ್ಟಲು. ಒಂದು ತುಂಬಿದಾಗ ವಾಲಿ ಬರಿದಾಗುತ್ತದೆ, ಇನ್ನೊಂದು ಮೇಲೇಳುತ್ತದೆ. ಪ್ರತಿ ವಾಲಿಕೆ ಒಂದು ಎಣಿಕೆ. ಮಳೆ ಬಿರುಸಾದಾಗ, ಬಟ್ಟಲು ವಾಲುತ್ತಿರುವ ಆ ಕ್ಷಣದಲ್ಲೂ ನೀರು ಬೀಳುತ್ತಲೇ ಇರುತ್ತದೆ, ಅದು ಎಣಿಕೆಗೆ ಸಿಗುವುದಿಲ್ಲ. ತುಂತುರು ಮಳೆಯನ್ನು ಚೆನ್ನಾಗಿ ಅಳೆಯುವ ಯಂತ್ರ ಕುಂಭದ್ರೋಣ ಮಳೆಯನ್ನು ಕಡಿಮೆ ಹೇಳುತ್ತದೆ. ಹವಾಮಾನ ತಜ್ಞರು ಇದನ್ನು ಬಹುಕಾಲದಿಂದ ಬಲ್ಲರು, ತಿದ್ದುವ ಸೂತ್ರಗಳೂ ಅವರ ಬಳಿ ಇವೆ. ಡಾಪ್ಲರ್ ಚೆಲ್ಲುವುದೂ ಇದೇ ರೀತಿ, ಇದೇ ಗಳಿಗೆಯಲ್ಲಿ. 2024ರ ಅಕ್ಟೋಬರ್ 21ರ ರಾತ್ರಿ ಯಲಹಂಕದ ಸುತ್ತ 150 ಮಿ.ಮೀ. ಮೀರಿ ಸುರಿದು, ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತಲ್ಲ, ಅಂಥ ರಾತ್ರಿಯ ಅಂಕಿಯೇ ಎಲ್ಲಕ್ಕಿಂತ ಸರಿಯಾಗಿರಬೇಕು. ಅಂಥ ರಾತ್ರಿಯೇ ಬಟ್ಟಲು, ಬ್ಯಾಟರಿ, ಮೊಬೈಲ್ ಗೋಪುರ ಎಲ್ಲಕ್ಕೂ ಅಗ್ನಿಪರೀಕ್ಷೆ.

ಇನ್ನು ಸೊನ್ನೆ. ಮಾಪಕದ ಆಲಿಕೆಯಲ್ಲಿ ಒಣಗಿದ ಎಲೆ ಸಿಕ್ಕಿಕೊಂಡರೆ ಹೊರಗೆ ಮಳೆ ಸುರಿಯುತ್ತಿದ್ದರೂ ಬಟ್ಟಲು ವಾಲುವುದಿಲ್ಲ. ಯಂತ್ರ ಬದುಕಿದೆ, ಅಂಕಿ ಕಳಿಸುತ್ತದೆ, ಅದು ಸೊನ್ನೆ. ಬ್ಯಾಟರಿ ಸತ್ತರೆ ಅಂಕಿಯೇ ಇಲ್ಲ. ಮಳೆಯೇ ಬಾರದಿದ್ದರೂ ಸೊನ್ನೆ. ಈ ಮೂರನ್ನು ಬೇರೆ ಮಾಡದೆ ನಕ್ಷೆಗೆ ಬಣ್ಣ ತುಂಬುವಂತಿಲ್ಲ, ಏಕೆಂದರೆ ಮಲೆನಾಡಿನ ಅಡಿಕೆ, ಕಾಳುಮೆಣಸಿನ ಬೆಳೆಗಾರನಿಗೆ ಹವಾಮಾನ ಆಧಾರಿತ ವಿಮೆಯ ಹಣ ಬರುವುದು ಅವನ ಪಂಚಾಯಿತಿಯ ಮಾಪಕ ಹೇಳಿದ ಅಂಕಿಯ ಮೇಲೆ. ಅಲ್ಲಿಯ ಮಾಪಕ ಮೌನವಾದರೆ ಬದಲಿ ಕೇಂದ್ರದ ಅಂಕಿ ಹಿಡಿಯಲು ಯೋಜನೆಯಲ್ಲಿ ಅವಕಾಶವಿದೆ. ಘಟ್ಟದ ಸೀಮೆಯಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ. ನಾನು ಮೇಲೆ ಬೈದ ಜೋಡಿಸಿದ ಗೆರೆ ಇಲ್ಲಿ ಒಂದು ಮನೆಯ ವರ್ಷದ ಆದಾಯವನ್ನು ತೀರ್ಮಾನಿಸುತ್ತದೆ. ಬದಲಿ ಅಂಕಿ ಹಿಡಿದದ್ದಾದರೆ, ಹಿಡಿದದ್ದೆಂದು ಆ ಅಂಕಿಯ ಪಕ್ಕದಲ್ಲೇ ಬರೆದಿರಬೇಕು. ಬೆಳೆಗಾರ ಕೇಳುವ ಮೊದಲೇ.

ನಾಜಲ್ ಬರೆಯುವವರು ಮಳೆಮಾಪಕದಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. ನಮ್ಮಲ್ಲಿ ಹಿಂದಿನಿಂದ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಒಂದು ಮಾಪಕ ಪ್ರತಿ ಕಾಲು ಗಂಟೆಯ ಮಳೆಯನ್ನು ಬಿಡಿಯಾಗಿ ಹೇಳಿದರೆ, ನಡುವೆ ಕಳೆದುಹೋದ ಅಂಕಿಯ ಮಳೆ ಶಾಶ್ವತವಾಗಿ ಹೋಯಿತು. 8.30ರಿಂದ ಈವರೆಗಿನ ಒಟ್ಟು ಮೊತ್ತ ಹೇಳಿದರೆ, ಮೂರು ಅಂಕಿ ಕಳೆದು ನಾಲ್ಕನೆಯದು ತಲುಪಿದರೂ ಮಳೆಯ ಲೆಕ್ಕ ಉಳಿಯುತ್ತದೆ. ಯಾವ ಕಾಲು ಗಂಟೆಯಲ್ಲಿ ಎಷ್ಟು ಎಂಬುದು ಮಾತ್ರ ಮಸುಕಾಗುತ್ತದೆ. ಲಾಗ್ರಿಗೇಟರ್‌ನ ಕೌಂಟರ್ ಎನ್ವಲಪ್ ಈ ಎರಡನ್ನೂ ಹೊತ್ತು ತರುತ್ತದೆ, ಹೆಚ್ಚಿದ್ದೆಷ್ಟು ಎಂಬುದನ್ನೂ, ಒಟ್ಟು ಎಷ್ಟಾಯಿತು ಎಂಬುದನ್ನೂ. ಕೂಡಿಸಲು ಸುಲಭವೆಂದು ಹೆಚ್ಚಿದ್ದನ್ನು ಮಾತ್ರ ಹಿಡಿದು ಒಟ್ಟನ್ನು ಬಿಸಾಡುವ ನಾಜಲ್‌ಗಳೇ ಹೆಚ್ಚು. ನಿಮ್ಮದು ಹಾಗಿದ್ದರೆ ಇಂದೇ ತಿದ್ದಿ, ಒಟ್ಟನ್ನು ಉಳಿಸಿಕೊಳ್ಳಿ. ಎರಡು ಒಟ್ಟುಗಳ ನಡುವಿನ ವ್ಯತ್ಯಾಸಕ್ಕೂ ನಡುವೆ ಬಂದು ಸೇರಿದ ಬಿಡಿ ಹೆಚ್ಚಳಗಳ ಮೊತ್ತಕ್ಕೂ ತಾಳೆಯಾಗದಿದ್ದರೆ, ಎಷ್ಟು ಚೆಲ್ಲಿತೆಂಬುದು ಡಾಪ್ಲರ್ ಹೇಳದೆಯೇ ನಿಮಗೆ ತಿಳಿಯುತ್ತದೆ.

ಒಂದು ತೊಡಕಿದೆ. ಎಣಿಸುವವನು ಸತ್ತು ಮತ್ತೆ ಎದ್ದರೆ ಒಟ್ಟು ಸೊನ್ನೆಯಿಂದ ಶುರುವಾಗುತ್ತದೆ, ವ್ಯತ್ಯಾಸ ಋಣವಾಗುತ್ತದೆ. ಇಳಿದ ಒಟ್ಟನ್ನು ಕಂಡಾಗಲೆಲ್ಲ ಮರುಹುಟ್ಟು ಎಂದುಕೊಳ್ಳುವುದು ಪ್ರೊಮೀಥಿಯಸ್‌ನ ಉಪಾಯ. ಕ್ಲೌಡ್ ಫೌಂಡ್ರಿಯಲ್ಲಿ ಹಿಂದುಮುಂದಾಗಿ ಬಂದ ಎನ್ವಲಪ್ ಕೂಡ ಇಳಿದಂತೆಯೇ ಕಾಣುವುದರಿಂದ ಅದೊಂದೇ ಸಾಲದು. ಎನ್ವಲಪ್‌ನ ಕಾಲಮುದ್ರೆಯನ್ನೂ ಜೊತೆಗಿಟ್ಟು ನೋಡಬೇಕು. ಅದರ ಕೋಡ್ ಮುಂದಿನ ವಾರ, ಡ್ರೈನ್‌ಗಳ ಜೊತೆಯಲ್ಲಿ.